ಬೇರೆಯವರ ಹಲ್ಲುಜ್ಜುವ ಉಚ್ಚಂಗಮ್ಮ

ಬೆಳಕು ಹರಿಯಲು ಇನ್ನೂ ಹೊತ್ತಿದೆ. ನ್ಯಾಮತಿ ದಾಟಿ ಸವಳಂಗದ ಕಡೆ ಹೋಗುವ ರಸ್ತೆಯ ಪಕ್ಕ, ಕಳ್ಳಿ ಬೇಲಿಯೊಳಗೆ, ಉದ್ದನೆಯ ಹೆಂಚಿನ ಕಟ್ಟಡವೊಂದಿದೆ. ಅದರ ಜಗಲಿಯಲ್ಲಿ ಮರದ ಸ್ಟೂಲಿನ ಮೇಲೆ ರಂಗಣ್ಣ ಎಂಬ ವಯಸ್ಸಾದವರು ಕತ್ತು ಹಿಂದಕ್ಕೆ ಚೆಲ್ಲಿ ಕುಳಿತಿದ್ದಾರೆ. ಅವರಿಗೆ ಕಣ್ಣು ಕಾಣುವುದಿಲ್ಲ, ಎರಡೂ ಕೈಯಲ್ಲಿ ಬೆರಳುಗಳಿಲ್ಲ. ಬೆನ್ನ ಹಿಂದೆ ನಿಂತ ಹೆಂಗಸೊಬ್ಬರು ಅವರ ತಲೆಯನ್ನು ತಮ್ಮ ತೋಳಿಗೆ ಆನಿಸಿಕೊಂಡು, ಎಡಗೈ ಬೆರಳಿನಿಂದ ತುಟಿ ಸರಿಸಿ, ಬಲಗೈಯ ಬ್ರಷ್ಷನ್ನು ವಸಡಿನ ಕಡೆಗೆ ಓರೆಯಾಗಿ ಹಿಡಿದು ಸಣ್ಣ ಸಣ್ಣ ಸುತ್ತು ಹಾಕುತ್ತಿದ್ದಾರೆ.

"ಆ ಅನ್ರಿ ರಂಗಣ್ಣಾರೆ. ಇನ್ನೂ ಅಗಲ. ಹಾಂ, ಅಷ್ಟೇ. ನಾಲಿಗೆ ಒಳಗಿಟ್ಕಳ್ರಿ, ಅದು ಯಾಕೆ ನೋಡಾಕೆ ಬರ್ತೈತೆ?"

ರಂಗಣ್ಣ ಬಾಯಿ ತುಂಬ ನೊರೆ ಇಟ್ಟುಕೊಂಡೇ ನಗುತ್ತಾರೆ. ನೊರೆ ಗಲ್ಲಕ್ಕೆ ಇಳಿಯುತ್ತದೆ. ಹೆಂಗಸು ಹೆಗಲ ಮೇಲಿನ ಬಟ್ಟೆಯಿಂದ ಅದನ್ನು ಒರೆಸಿ, ತಂಬಿಗೆಯ ನೀರನ್ನು ಅವರ ತುಟಿಗೆ ಹಿಡಿಯುತ್ತಾರೆ. ಬಟ್ಟಲಿಗೆ ಮುಕ್ಕಳಿಸಿ ಉಗುಳಿದ್ದನ್ನು ದೀಪದ ಬೆಳಕಿಗೆ ಹಿಡಿದು ನೋಡುತ್ತಾರೆ. ರಕ್ತ ಇಲ್ಲ. "ಏಳ್ರಿ, ಆತು" ಎಂದು ಬೆನ್ನು ತಟ್ಟುತ್ತಾರೆ. ಅಷ್ಟರಲ್ಲಿ ಇನ್ನೊಬ್ಬರು ಗೋಡೆ ತಡವುತ್ತ ಸ್ಟೂಲಿನ ಕಡೆ ಬರುತ್ತಿದ್ದಾರೆ.

ಹೆಂಗಸಿನ ಹೆಸರು ಉಚ್ಚಂಗಮ್ಮ. ಇದು ಕುಷ್ಠರೋಗದಿಂದ ಕೈಕಾಲು ಸೊರಗಿದವರಿಗಾಗಿ ದತ್ತಿ ಸಂಸ್ಥೆಯೊಂದು ನಡೆಸುವ ಆಶ್ರಯಧಾಮ. ಉಚ್ಚಂಗಮ್ಮ ಇಲ್ಲಿನ ಆಯಾ. ಗುಡಿಸುವುದು, ಒರೆಸುವುದು, ಹಾಸಿಗೆ ಬಟ್ಟೆ ಒಗೆಯುವುದು ಅವರಿಗೆ ವಹಿಸಿದ ಕೆಲಸ. ಹಲ್ಲುಜ್ಜುವ ಕೆಲಸವನ್ನು ಅವರಿಗೆ ಯಾರೂ ವಹಿಸಿದ್ದಲ್ಲ. ಅದು ಅವರದೇ, ಹದಿಮೂರು ವರ್ಷದಿಂದ.

"ಒಬ್ರಿಗೆ ಎಷ್ಟು ಹೊತ್ತು ಹಿಡೀತೈತೆ?" ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. "ನನಗೆ ಗಡಿಯಾರ ನೋಡಾಕೆ ಬರಲ್ಲ ಕಣ್ರೀ. ಮೇಲೆ ಕೆಳಗೆ, ಹಿಂದೆ ಮುಂದೆ ಎಲ್ಲಾ ಆಗೋವರ್ಗೂ. ಮೊದ್ಲು ಮೂವತ್ತು ಬಾಯಿ ಇದ್ವು. ಈಗ ಎಂಟೇ" ಎನ್ನುತ್ತಾರೆ. ಆ ಎಂಟು ಎಂಬ ಮಾತಿನಲ್ಲಿ ಸಂತೋಷವಿದೆಯೋ ಸಂಕಟವಿದೆಯೋ ಹೇಳುವುದು ಕಷ್ಟ.

ಉಚ್ಚಂಗಮ್ಮನ ತವರು ಜಗಳೂರು ತಾಲ್ಲೂಕಿನ ಸೊಕ್ಕೆ. ಇಲ್ಲಿಂದ ಮೂರು ಬಸ್ಸು ಬದಲಾಯಿಸಬೇಕು. ಮದುವೆಯಾದದ್ದು ಜಗಳೂರಿನಲ್ಲಿ ಕುರಿ ವ್ಯಾಪಾರ ಮಾಡುತ್ತಿದ್ದ ತಿಪ್ಪೇಶಪ್ಪನವರನ್ನು. ಕುರಿಯ ಬೆನ್ನು ಮುಟ್ಟಿ ತೂಕ ಹೇಳುತ್ತಿದ್ದ ಗಂಡನಿಗೆ ಒಂದು ದಿನ ಕುರಿ ಉಣ್ಣೆಯೇ ಕೈಗೆ ತಿಳಿಯದಾಯಿತು. ಬೀಡಿ ಸುಟ್ಟರೂ ಬೆರಳಿಗೆ ಗೊತ್ತಾಗಲಿಲ್ಲ. ಇದು ಕುಷ್ಠವೆಂದು ಊರವರಿಗೆ ಗೊತ್ತಾದ ಮೇಲೆ ಮನೆಗೆ ಬರುವವರು ನಿಂತರು. ಬಾವಿಕಟ್ಟೆಗೆ ಉಚ್ಚಂಗಮ್ಮ ಹೋದರೆ ಉಳಿದವರು ಕೊಡ ಎತ್ತಿಕೊಂಡು ಸರಿಯತೊಡಗಿದರು. 1971ರ ಬೇಸಿಗೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಂದು ಟ್ರಂಕು ಹಿಡಿದು ಇಲ್ಲಿಗೆ ಬಂದರು. ಮಕ್ಕಳಿರಲಿಲ್ಲ. ಗಂಡನಿಗೆ ಮಂಚ ಸಿಕ್ಕಿತು, ಹೆಂಡತಿಗೆ ಪೊರಕೆ ಸಿಕ್ಕಿತು.

ಧಾಮದಲ್ಲಿ ಕೈಯ ಹುಣ್ಣಿಗೆ ಪಟ್ಟಿ ಕಟ್ಟುತ್ತಿದ್ದರು, ಕಾಲಿಗೆ ಮೆತ್ತನೆಯ ಚಪ್ಪಲಿ ಕೊಡುತ್ತಿದ್ದರು, ಮಾತ್ರೆ ನುಂಗಿಸುತ್ತಿದ್ದರು. ಬಾಯೊಳಗೆ ಯಾರೂ ಇಣುಕುತ್ತಿರಲಿಲ್ಲ. ಬೇವಿನ ಕಡ್ಡಿ ಹಿಡಿಯಲು ಬೆರಳು ಬಾಗದವರು, ಇದ್ದಿಲ ಪುಡಿಯನ್ನು ಅಂಗೈಯ ಅಂಚಿನಿಂದ ಮುಂದಿನ ಹಲ್ಲಿಗೆ ಸವರಿಕೊಂಡು ಮುಗಿಸುತ್ತಿದ್ದರು. ತಿಪ್ಪೇಶಪ್ಪನವರ ವಸಡು ಊದಿಕೊಂಡಿತು. ಬೆಳಿಗ್ಗೆ ಎದ್ದರೆ ದಿಂಬಿನ ಮೇಲೆ ರಕ್ತದ ಕಲೆ. ಹಲ್ಲು ಒಂದೊಂದಾಗಿ ಅಲುಗಾಡಿ ಬಿದ್ದವು. ರೊಟ್ಟಿ ತಿನ್ನುವುದು ಬಿಟ್ಟರು. ಆಮೇಲೆ ಬಾಯಿ ನಾರುತ್ತದೆಂಬ ನಾಚಿಕೆಗೆ ಮಾತಾಡುವುದನ್ನೂ ಬಿಟ್ಟರು.

"ನನ್ನ ಕೂಡಾನೂ ಕೈ ಅಡ್ಡ ಇಟ್ಕಂಡು ಮಾತಾಡೋರು" ಎನ್ನುತ್ತಾರೆ ಉಚ್ಚಂಗಮ್ಮ. "ರೋಗ ಕೈಯಾಗೆ ಇತ್ತು. ಬಾಯಿಗೆ ಏನೂ ಆಗಿರ್ಲಿಲ್ಲ. ಬಾಯಿ ಹೋಗಿದ್ದು ಉಜ್ಜಾಕೆ ಕೈ ಇಲ್ದೆ. ಅದು ನನಗೆ ತಿಳಿಯೋ ಹೊತ್ತಿಗೆ ನಾಕು ಹಲ್ಲು ಉಳಿದಿದ್ವು."

ಆ ನಾಲ್ಕು ಹಲ್ಲನ್ನು ಉಚ್ಚಂಗಮ್ಮ ದಿನವೂ ತಾವೇ ಉಜ್ಜಿದರು. ವರ್ಷದೊಳಗೆ ತಿಪ್ಪೇಶಪ್ಪ ಜ್ವರದಲ್ಲಿ ತೀರಿಕೊಂಡರು. ಮಾರನೆಯ ವಾರ ಹೆಂಗಸರ ವಾರ್ಡಿನ ಗುಲ್ಜಾರ್‌ಬೀ, ಹೊನ್ನಾಳಿಯಲ್ಲಿ ಬಳೆ ತೊಡಿಸುತ್ತಿದ್ದ ಮುದುಕಿ, ಕಸ ಗುಡಿಸುತ್ತಿದ್ದ ಉಚ್ಚಂಗಮ್ಮನ ಸೆರಗು ಹಿಡಿದು ಕೇಳಿದರಂತೆ: "ಯವ್ವಾ, ನಿನ್ನ ಗಂಡಗೆ ಉಜ್ಜಿ ಕೊಡ್ತಿದ್ದೆ. ಈಗ ಬೆಳಿಗ್ಗೆ ನಿನಗೆ ಏನು ಕೆಲ್ಸ ಐತೆ? ನನಗೆ ಉಜ್ಜಿ ಕೊಡು." ಗುಲ್ಜಾರ್‌ಬೀ ಈಗಿಲ್ಲ. ಆದರೆ ಆಕೆಯನ್ನು ನೋಡಿ ಪಕ್ಕದ ಮಂಚದವರು ಕೇಳಿದರು. ಅವರನ್ನು ನೋಡಿ ಗಂಡಸರ ವಾರ್ಡಿನವರು ಕೇಳಿದರು.

ಈ ಕೆಲಸಕ್ಕೆ ಹೊರಗೆ ಸಿಕ್ಕ ಮರ್ಯಾದೆ ಬೇರೆ ಥರದ್ದು. ಬಸ್ಸಿನಲ್ಲಿ ಯಾರಾದರೂ ಎಲ್ಲಿ ಕೆಲಸ ಎಂದು ಕೇಳಿದರೆ ಉಚ್ಚಂಗಮ್ಮ "ಆಸ್ಪತ್ರೇಲಿ" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗುತ್ತಾರೆ. ಸೊಕ್ಕೆಯಲ್ಲಿ ಅಣ್ಣ ಜಯಪ್ಪ ಇದ್ದಾರೆ. ಹೋದಾಗ ಪ್ರೀತಿಯಿಂದಲೇ ಮಾತಾಡಿಸುತ್ತಿದ್ದರು. ಆದರೆ ಕಾಫಿಯ ಲೋಟ ಬೇರೆ, ಅದರ ಜಾಗ ದನದ ಕೊಟ್ಟಿಗೆಯ ಗೂಡು. ಎರಡು ಸಲ ಕುಡಿದು, ತೊಳೆದು ಅಲ್ಲಿಯೇ ಇಟ್ಟು ಬಂದರು. ಮೂರನೆಯ ಸಲ ಹೋಗಲಿಲ್ಲ.

"ಬ್ಯಾಸರ ಮಾಡ್ಕಂಡಿಲ್ಲ. ಅವ್ರಿಗೂ ಮಕ್ಳು ಮರಿ ಇದಾವೆ. ಹೆದ್ರಿಕೆ" ಎಂದು ಅಣ್ಣನ ಪರವಾಗಿ ತಾವೇ ಹೇಳುತ್ತಾರೆ. ಅಂದಿನಿಂದ ಧಾಮದ ಉಗ್ರಾಣದ ಪಕ್ಕದ ಚಿಕ್ಕ ಕೋಣೆಯೇ ಮನೆ. ಹಬ್ಬಕ್ಕೂ ಅಲ್ಲೇ. ಒಲೆಯಲ್ಲಿ ಒಬ್ಬರಿಗಾಗುವಷ್ಟೇ ಮುದ್ದೆ.

ಉಚ್ಚಂಗಮ್ಮನಿಗೆ ಸರಿಯಾಗಿ ಉಜ್ಜಲು ಕಲಿಸಿದವರು ದಾವಣಗೆರೆಯ ದಂತವೈದ್ಯೆ ಡಾ. ಸರ್ವಮಂಗಳಮ್ಮ. 1979ರಲ್ಲಿ ಹಲ್ಲು ಕೀಳುವ ಶಿಬಿರಕ್ಕೆಂದು ಬಂದವರು, ನಿರೀಕ್ಷಿಸಿದಷ್ಟು ಹಲ್ಲು ಕೀಳಲು ಸಿಗದೆ ಆಶ್ಚರ್ಯಪಟ್ಟು, ಯಾರು ಉಜ್ಜುತ್ತಾರೆ ಎಂದು ವಿಚಾರಿಸಿದರು. ಆಮೇಲೆ ಎರಡು ತಿಂಗಳಿಗೊಮ್ಮೆ ಬರುವುದು ರೂಢಿಯಾಯಿತು. ಅದುವರೆಗೆ ಉಚ್ಚಂಗಮ್ಮ ಪಾತ್ರೆ ತಿಕ್ಕಿದಂತೆ ತಿಕ್ಕುತ್ತಿದ್ದರು. ವಸಡಿನಲ್ಲಿ ರಕ್ತ ಬಂದರೆ ಹೆದರಿ ನಾಲ್ಕು ದಿನ ಆ ಕಡೆ ಬ್ರಷ್ಷೇ ಹಾಕುತ್ತಿರಲಿಲ್ಲ.

"ರಕ್ತ ಬಂದ ಜಾಗವನ್ನೇ ಬಿಡಬಾರದು ಉಚ್ಚಂಗಮ್ಮ" ಎಂದರು ಡಾಕ್ಟರು. "ಹಲ್ಲು, ವಸಡು ಕೂಡೋ ಕಡೆ ಪಾಚಿ ಕಟ್ಟುತ್ತೆ. ಕೆರೆ ಮೆಟ್ಟಿಲಿನ ಮೇಲೆ ಕಟ್ಟೋ ಹಾಗೆ. ಅದನ್ನ ದಿನಾ ತೆಗೀದಿದ್ರೆ ವಸಡು ಊದುತ್ತೆ, ರಕ್ತ ಬರುತ್ತೆ. ಮೆತ್ತಗೆ ತೆಗೀರಿ, ಆದ್ರೆ ತೆಗೀರಿ."

ಕೆಂಪು ಬಣ್ಣದ ಗುಳಿಗೆಯೊಂದನ್ನು ಅಗಿಸಿ, ಬಾಯಿ ಮುಕ್ಕಳಿಸಲು ಹೇಳಿ, ಕನ್ನಡಿ ಹಿಡಿದು ತೋರಿಸಿದರು. ಪಾಚಿ ಇರುವಲ್ಲೆಲ್ಲ ಕೆಂಪು ಅಂಟಿಕೊಂಡಿತ್ತು. ಚೆನ್ನಾಗಿ ಉಜ್ಜಿದ್ದೇನೆ ಎಂದುಕೊಂಡಿದ್ದ ಬಾಯಿಗಳಲ್ಲಿ ಹಿಂದಿನ ದವಡೆಗಳು ಎಲೆಯಡಿಕೆ ಹಾಕಿದಂತೆ ಕೆಂಪಗಿದ್ದವು. ಉಚ್ಚಂಗಮ್ಮನಿಗೆ ಆ ದಿನ ಊಟ ಸೇರಲಿಲ್ಲ. ಮಾರನೆಯ ದಿನದಿಂದ ಕೈ ಬದಲಾಯಿತು.

ಈ ದಿನಗಳಲ್ಲೇ ಧಾಮಕ್ಕೆ ಬಂದವರು ಧರ್ಮಪ್ಪ. ಚನ್ನಗಿರಿಯ ಕಡೆಯವರು, ದರ್ಜಿ. ಅವರ ನಿಜವಾದ ಹೆಸರೂ ಊರೂ ಬೇರೆ. ಅವನ್ನು ಬರೆಯಬಾರದೆಂದು ಉಚ್ಚಂಗಮ್ಮ ಮಾತು ತೆಗೆದುಕೊಂಡಿದ್ದಾರೆ. ಬೆರಳುಗಳು ಒಳಕ್ಕೆ ಮಡಚಿಕೊಂಡು ಕತ್ತರಿ ಹಿಡಿಯಲಾಗದೆ ಬಂದ ಮನುಷ್ಯ. ಮೊದಲ ತಿಂಗಳು ಯಾರಿಗೂ ಬಾಯಿ ತೆರೆಯಲಿಲ್ಲ, ಮಾತಿಗೂ ಇಲ್ಲ, ಬ್ರಷ್ಷಿಗೂ ಇಲ್ಲ. ವಸಡು ನೋವು ತಡೆಯಲಾಗದ ಒಂದು ಬೆಳಿಗ್ಗೆ ತಾವಾಗಿ ಬಂದು ಸ್ಟೂಲಿನ ಮೇಲೆ ಕುಳಿತು ಕಣ್ಣು ಮುಚ್ಚಿಕೊಂಡರು.

"ಪರರ ಕೈ ಬಾಯಾಗೆ ಹೋಗೋದು ಅಂದ್ರೆ ಸುಮ್ನಲ್ಲ" ಎನ್ನುತ್ತಾರೆ ಉಚ್ಚಂಗಮ್ಮ. "ಎಷ್ಟೋ ಜನ ಅತ್ತಿದಾರೆ. ಅವ್ರು ಅಳ್ಲಿಲ್ಲ. ಮುಗಿಯೋವರ್ಗೂ ಕಣ್ಣು ಮಾತ್ರ ತೆಗೀಲಿಲ್ಲ."

ಕ್ರಮೇಣ ಧರ್ಮಪ್ಪ ಸರದಿಯಲ್ಲಿ ಕೊನೆಗೆ ಬರತೊಡಗಿದರು. ಕೊನೆಯವರಾದರೆ ಹಿಂದೆ ಯಾರೂ ಕಾಯುತ್ತಿರುವುದಿಲ್ಲ. ಬಾಯಿ ಮುಕ್ಕಳಿಸಿದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ಕುಳಿತು ಮಾತಾಡುತ್ತಿದ್ದರು. ರವಿಕೆಗೆ ತೋಳು ಕೂರಿಸುವುದು ಎಷ್ಟು ಕಷ್ಟ, ಮದುವೆ ಕಾಲದಲ್ಲಿ ನಿದ್ದೆಗೆಟ್ಟು ಹೊಲಿದದ್ದು, ಅಳತೆ ತೆಗೆಯುವಾಗ ಉಸಿರು ಬಿಗಿಹಿಡಿಯುವ ದಪ್ಪ ಗಿರಾಕಿಗಳು. ಉಚ್ಚಂಗಮ್ಮ ಬ್ರಷ್ಷುಗಳನ್ನು ಔಷಧಿ ನೀರಿನಲ್ಲಿ ಜಾಲಾಡುತ್ತ ಕೇಳುತ್ತಿದ್ದರು. ದಿನದಲ್ಲಿ ಯಾರಾದರೂ ಅವರೊಡನೆ ಕೆಲಸವಿಲ್ಲದ ಮಾತಾಡುತ್ತಿದ್ದುದು ಅದೊಂದೇ ಹೊತ್ತು. ಬಕೆಟ್ಟು ಎತ್ತಿದರೆ ಮಾತು ಮುಗಿಯಿತು. ಮತ್ತೆ ಮರುದಿನ ಬೆಳಿಗ್ಗೆಯೇ. ಹೀಗೆ ನಾಲ್ಕೈದು ವರ್ಷ ನಡೆಯಿತು.

1984ರ ಮಳೆಗಾಲದಲ್ಲಿ ಡಾ. ಸರ್ವಮಂಗಳಮ್ಮ ಒಂದು ಹೊಸ ವಸ್ತು ತಂದರು. ಪರದೇಶದಲ್ಲಿದ್ದ ಅವರ ಸ್ನೇಹಿತೆ ಕಳಿಸಿದ ನಾಲ್ಕು ಕರೆಂಟ್ ಬ್ರಷ್ಷುಗಳು. ಕರೆಂಟ್ ಎಂದು ಕರೆದರೂ ನಡೆಯುವುದು ಟ್ರಾನ್ಸಿಸ್ಟರಿಗೆ ಹಾಕುವ ಸೆಲ್ಲಿನಿಂದ. ರಾಗಿ ಮುದ್ದೆ ಕೋಲಿನಷ್ಟು ದಪ್ಪದ ಹಿಡಿ, ತುದಿಯಲ್ಲಿ ತೆಗೆದು ಹಾಕಬಹುದಾದ ಪುಟ್ಟ ಬ್ರಷ್ಷಿನ ತಲೆ; ಅಂಥ ಬಿಡಿ ತಲೆಗಳ ಒಂದು ಡಬ್ಬಿಯೂ ಇತ್ತು. ಗುಂಡಿ ಒತ್ತಿದರೆ ತಲೆ ತಾನಾಗಿ ಆಡುತ್ತದೆ. ದಪ್ಪ ಹಿಡಿಯಾದ್ದರಿಂದ ಮಡಚಿದ ಬೆರಳುಗಳ ನಡುವೆಯೂ ನಿಲ್ಲುತ್ತದೆ. ಕೈಯನ್ನು ಆಡಿಸಬೇಕಾಗಿಲ್ಲ, ಹಲ್ಲಿನಿಂದ ಹಲ್ಲಿಗೆ ಜರುಗಿಸಿದರೆ ಸಾಕು.

ಡಾಕ್ಟರಿಗೆ ಒಂದು ವಿಷಯ ತಿಳಿಯಬೇಕಿತ್ತು: ಇದರಿಂದ ನಿಜವಾಗಿ ಪಾಚಿ ಹೋಗುತ್ತದೆಯೇ, ವಸಡು ಸುಧಾರಿಸುತ್ತದೆಯೇ, ಅಥವಾ ಇದು ಬರಿ ಆಟಿಕೆಯೇ? ಒಪ್ಪಿದ ಹನ್ನೆರಡು ಮಂದಿಯನ್ನು ಮೂರು ಪಾಲು ಮಾಡಿದರು. ನಾಲ್ವರಿಗೆ ಎಂದಿನಂತೆ ಉಚ್ಚಂಗಮ್ಮ ಕೈಯಿಂದ ಉಜ್ಜುವುದು. ನಾಲ್ವರು ಮಾಮೂಲಿ ಬ್ರಷ್ಷಿಗೆ ಬಟ್ಟೆ ಸುತ್ತಿಕೊಂಡು ತಾವೇ ಉಜ್ಜಿಕೊಳ್ಳುವುದು. ಇನ್ನು ನಾಲ್ವರಿಗೆ ಸೆಲ್ಲಿನ ಬ್ರಷ್ಷು. ಧರ್ಮಪ್ಪ ಈ ಕೊನೆಯ ಪಾಲಿಗೆ ಬಂದರು.

ಮೊದಲ ದಿನ ಜಗಲಿಯಲ್ಲಿ ನಗುವೋ ನಗು. ಬ್ರಷ್ಷನ್ನು ಬಾಯಿಗಿಡುವ ಮೊದಲೇ ಗುಂಡಿ ಒತ್ತಿ ಧರ್ಮಪ್ಪ ಪೇಸ್ಟನ್ನೆಲ್ಲ ಪಕ್ಕದವರ ಮುಖಕ್ಕೆ ಸಿಡಿಸಿದರು. ಎರಡನೆಯ ಸಲ ಬಾಯಿಗಿಟ್ಟು ಒತ್ತಿದಾಗ ಕಣ್ಣು ಅಗಲವಾಯಿತು. ಉಗುಳಿ, "ಹೊಲಿಗೆ ಮಿಷಿನ್ನು ಬಾಯಾಗೆ ಇಟ್ಕಂಡಂಗೈತಲ್ರೀ!" ಎಂದರು. ಆ ಧಾಮದಲ್ಲಿ ಧರ್ಮಪ್ಪ ಜೋರಾಗಿ ನಕ್ಕದ್ದನ್ನು ಉಚ್ಚಂಗಮ್ಮ ಅದೇ ಮೊದಲು ಕೇಳಿದ್ದು.

ಮೂರು ತಿಂಗಳ ಬಳಿಕ ಡಾಕ್ಟರು ಬಂದು ಎಲ್ಲರಿಗೂ ಕೆಂಪು ಗುಳಿಗೆ ಅಗಿಸಿದರು. ಸಣ್ಣ ಸಲಕರಣೆಯಿಂದ ವಸಡಿನ ಅಂಚು ಮುಟ್ಟಿ ರಕ್ತ ಬರುವುದೇ ಎಂದು ನೋಡಿದರು. ಮಾಮೂಲಿ ಬ್ರಷ್ಷನ್ನು ತಾವೇ ಹಿಡಿದವರ ಬಾಯಿಯಲ್ಲಿ ಕೆಂಪು ಹಾಗೆಯೇ ಇತ್ತು. ಬ್ರಷ್ಷು ಜಾರುತ್ತಿತ್ತು, ಎಷ್ಟು ಒತ್ತುತ್ತಿದ್ದೇವೆಂದು ಕೈಗೆ ತಿಳಿಯದೆ ಒಬ್ಬರ ವಸಡು ಗೀರಿಯೂ ಇತ್ತು. ಉಚ್ಚಂಗಮ್ಮ ಉಜ್ಜಿದ ಬಾಯಿಗಳು ಬೆಳ್ಳಗಿದ್ದವು. ಸೆಲ್ಲಿನ ಬ್ರಷ್ಷಿನ ನಾಲ್ವರ ಬಾಯಿಗಳೂ ಹೆಚ್ಚುಕಡಿಮೆ ಹಾಗೆಯೇ ಇದ್ದವು. ವಸಡಿನ ರಕ್ತ ಎರಡೂ ಕಡೆ ನಿಂತಿತ್ತು.

"ಆಡುವ ಕೈ ಇದ್ದವರಿಗೆ ಮಾಮೂಲಿ ಬ್ರಷ್ಷು ಸಾಕು, ಸರಿಯಾಗಿ ಉಜ್ಜಿದ್ರೆ" ಎಂದು ಡಾಕ್ಟರು ಎಲ್ಲರನ್ನೂ ಕೂರಿಸಿಕೊಂಡು ಹೇಳಿದರು. "ಇದರಿಂದ ಸ್ವಲ್ಪ ಹೆಚ್ಚಿನ ಲಾಭ ಇರಬಹುದು, ಅಷ್ಟೇ. ಆದ್ರೆ ಕೈ ಆಡದವರಿಗೆ ಇದು ಬೇರೆಯೇ. ಹನ್ನೆರಡೇ ಜನರನ್ನ ನೋಡಿ ಲೋಕಕ್ಕೆಲ್ಲ ಹೀಗೇ ಅಂತ ನಾನು ಹೇಳಲ್ಲ. ನಿಮ್ಮ ಮಟ್ಟಿಗೆ ಮಾತ್ರ ಹೇಳಬಲ್ಲೆ."

ತಲೆ ಬದಲಾಯಿಸಿ ಒಂದೇ ಹಿಡಿಯನ್ನು ಹಲವರು ಬಳಸಬಹುದಾದ್ದರಿಂದ ಕೆಲವೇ ವಾರಗಳಲ್ಲಿ ಧಾಮದ ಅರ್ಧ ಜನ ತಾವೇ ಹಲ್ಲುಜ್ಜಿಕೊಳ್ಳತೊಡಗಿದರು. ವರ್ಷಗಟ್ಟಲೆ ಇನ್ನೊಬ್ಬರೆದುರು ಬಾಯಿ ತೆರೆದು ಕುಳಿತವರು ಈಗ ನಲ್ಲಿಯ ಬಳಿ, ಹೊಂಗೆ ಮರದ ಕೆಳಗೆ, ಮನಸ್ಸು ಬಂದ ಕಡೆ ನಿಂತು ಉಜ್ಜುತ್ತಿದ್ದರು. ಧರ್ಮಪ್ಪ ಎಲ್ಲರಿಗಿಂತ ಮೊದಲು ಎದ್ದು, ಬೇಲಿಯ ಬಳಿ ರಸ್ತೆ ನೋಡುತ್ತ ನಿಲ್ಲುತ್ತಿದ್ದರು. ಮುಗಿಸಿ, ಬ್ರಷ್ಷು ತೊಳೆದಿಟ್ಟು, ಒಳಗೆ ಹೋಗುತ್ತಿದ್ದರು. ಸ್ಟೂಲಿನ ಕಡೆ ಬರಬೇಕಾದ ಕಾರಣವೇ ಉಳಿದಿರಲಿಲ್ಲ.

ಉಚ್ಚಂಗಮ್ಮನ ಕೆಲಸ ಸೂರ್ಯ ಹುಟ್ಟುವ ಮೊದಲೇ ಮುಗಿಯತೊಡಗಿತು. ತೊಳೆದ ಬ್ರಷ್ಷನ್ನೇ ಮತ್ತೆ ತೊಳೆದರು. ಗುಡಿಸಿದ ಜಗಲಿಯನ್ನೇ ಗುಡಿಸಿದರು. ಒಂದೊಂದು ದಿನ ಬೇಲಿಯವರೆಗೂ ಹೋಗಿ, "ಹಿಂದಿನ ದವಡೆ ಬಿಡಬ್ಯಾಡ್ರಿ ಅಣ್ಣಾರೆ" ಎಂದು ಹೇಳಿ ಬರುತ್ತಿದ್ದರು. ಬಿಟ್ಟಿಲ್ಲವೆಂದು ಅವರಿಗೆ ಗೊತ್ತಿತ್ತು. ಧರ್ಮಪ್ಪ ಬಾಯಿತುಂಬ ನೊರೆ ಇಟ್ಟುಕೊಂಡು ತಲೆಯಾಡಿಸುತ್ತಿದ್ದರು.

"ಒಬ್ಬ ಮನುಷ್ಯ ತನ್ನ ಬಾಯಿ ತಾನು ತೊಳ್ಕಂಡ್ರೆ ನನಗ್ಯಾಕೆ ಸಂಕಟ ಆಗ್ಬೇಕು?" ಎಂದು ಈಗ ಅವರೇ ಕೇಳುತ್ತಾರೆ. "ಆತು. ಸುಳ್ಳು ಹೇಳಲ್ಲ. ರಾತ್ರಿ ಕೋಣೆ ಬಾಗ್ಲು ಹಾಕಿದ್ರೆ ಬೆಳಗಾಗೋದು ಬ್ಯಾಡ ಅನ್ಸೋದು. ಮೊದ್ಲೆಲ್ಲಾ ಬೆಳಗಾದ್ರೆ ಸಾಕು ಅಂತಿದ್ದೆ."

ಒಂದೂವರೆ ವರ್ಷ ಕಳೆಯಿತು. ಸೆಲ್ಲು ಸಿಗುತ್ತಿತ್ತು. ಸವೆದದ್ದು ಬ್ರಷ್ಷಿನ ತಲೆಗಳು. ಕೂದಲು ನಾಲ್ಕೂ ಕಡೆ ಚದುರಿ, ಕೊನೆಗೆ ಉದುರಿದವು. ದಾವಣಗೆರೆಯಲ್ಲಿ ಹುಡುಕಿಸಿದರೂ ಅಂಥ ತಲೆ ಸಿಗಲಿಲ್ಲ. ಪರದೇಶದ ಸ್ನೇಹಿತೆಗೆ ಡಾಕ್ಟರು ಕಾಗದ ಬರೆದರು. ಉತ್ತರ ಬರಲಿಲ್ಲ. ಅಷ್ಟರಲ್ಲಿ ಡಾಕ್ಟರಿಗೂ ದೂರದ ಊರಿಗೆ ವರ್ಗವಾಯಿತು. ಧಾಮದ ಮೇಲ್ವಿಚಾರಕರು, "ಹೋಗ್ಲಿ ಬಿಡಿ ಉಚ್ಚಂಗಮ್ಮ, ಮೊದಲಿನ ಹಾಗೆ ನೀವೇ ಉಜ್ಜಿಬಿಡಿ" ಎಂದರು.

ಮಾರನೆಯ ಬೆಳಿಗ್ಗೆ ಉಚ್ಚಂಗಮ್ಮ ಸ್ಟೂಲನ್ನು ತೊಳೆದು ಜಗಲಿಯ ನಡುವೆ ಇಟ್ಟರು. ಮನಸ್ಸು ಹಗುರಾಗಿತ್ತು. ಒಬ್ಬೊಬ್ಬರಾಗಿ ಬಂದು ಕುಳಿತರು. ಕೊನೆಯವರೆಗೂ ಧರ್ಮಪ್ಪ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೆಯ ದಿನ ಅವರ ಮಂಚದ ಬಳಿಗೆ ಉಚ್ಚಂಗಮ್ಮ ತಾವೇ ಹೋದರು. ಧರ್ಮಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು.

"ಯಾಕ್ರಿ ಅಣ್ಣಾರೆ, ನನ್ನ ಕೈ ಒರಟಾತಾ?"

ಧರ್ಮಪ್ಪ ತಿರುಗಲಿಲ್ಲ. ಗೋಡೆ ನೋಡುತ್ತಲೇ ಹೇಳಿದರು: "ನಿಮ್ಮ ಕೈ ಚಲೋ ಐತ್ರಿ. ನಿಮ್ಮ ಮ್ಯಾಲೆ ಸಿಟ್ಟಿಲ್ಲ. ಒಂದೂವರೆ ವರ್ಷ ನನ್ನ ಬಾಯಿ ನನ್ನ ಕೈಗೆ ಬಂದಿತ್ತು. ತಿರುಗಿ ಇನ್ನೊಬ್ರಿಗೆ ಕೊಡಾಕೆ ಮನಸ್ಸು ಒಪ್ಪವಲ್ದು."

ಕೈ ಮುಖಕ್ಕೆ ಅಡ್ಡ ಬಂದಿತ್ತು. ಅಂಥದೇ ಕೈಯನ್ನು ಉಚ್ಚಂಗಮ್ಮ ಹಿಂದೆ ಗಂಡನ ಮುಖದ ಮೇಲೆ ನೋಡಿದ್ದರು. ಹೊರಗೆ ಬಂದರು. ಆಮೇಲೆ ಮೇಲ್ವಿಚಾರಕರನ್ನು ಕೇಳಿ, ಕೆಟ್ಟ ಬ್ರಷ್ಷುಗಳಲ್ಲಿ ಒಂದನ್ನು ಔಷಧಿ ನೀರಿನಲ್ಲಿ ಅದ್ದಿ ತೊಳೆದು, ಬಟ್ಟೆಯಲ್ಲಿ ಸುತ್ತಿಕೊಂಡು ಹೊನ್ನಾಳಿಯ ಬಸ್ಸು ಹತ್ತಿದರು.

ಹೊನ್ನಾಳಿ ಬಸ್ ನಿಲ್ದಾಣದ ಹತ್ತಿರ ಬುಡನ್‌ಸಾಬರ ಅಂಗಡಿ. ಗಡಿಯಾರ, ರೇಡಿಯೋ, ಬ್ಯಾಟರಿ ರಿಪೇರಿ. ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕುಳಿತಿದ್ದ ಸಾಬರ ಮುಂದೆ ಉಚ್ಚಂಗಮ್ಮ ಸೆಲ್ಲಿನ ಬ್ರಷ್ಷನ್ನೂ, ದಾರಿಯಲ್ಲಿ ಕೊಂಡ ಚಿಕ್ಕ ಮಕ್ಕಳ ಮೂರು ಬ್ರಷ್ಷುಗಳನ್ನೂ ಇಟ್ಟರು. "ಇವುಗಳ ತಲೆ ಅದಕ್ಕೆ ಕೂರಿಸಾಕೆ ಆಗ್ತೈತಾ ನೋಡ್ರಿ."

ಬುಡನ್‌ಸಾಬ್ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಗುಂಡಿ ಒತ್ತಿ ಬೆರಗಾದರು. "ಎಲ್ಲಿಂದು ಇದು? ಯಾರು ಉಜ್ಜೋದು ಇದ್ರಾಗೆ?"

"ಆಸ್ಪತ್ರೇದು" ಎನ್ನಲು ಬಾಯಿ ತೆರೆದ ಉಚ್ಚಂಗಮ್ಮ ತಡೆದರು. ಈ ಮನುಷ್ಯ ಅದನ್ನು ಕೈಯಲ್ಲಿ ಹಿಡಿದು ಗಂಟೆಗಟ್ಟಲೆ ಕೆಲಸ ಮಾಡಬೇಕು. ತಿಳಿಸದೆ ಮಾಡಿಸುವುದು ಸರಿಯಲ್ಲ ಅನ್ನಿಸಿತು. ಊರ ನಡುವೆ, ಅಪರಿಚಿತರೆದುರು, ಅವರು ಮೊದಲ ಸಲ ಆ ಮಾತು ಆಡಿದರು: "ಕುಷ್ಠದೋರ ಆಶ್ರಮದ್ದು ಕಣ್ರೀ. ನಾನು ಅಲ್ಲೇ ಇರಾಕಿ. ಔಷಧಿ ನೀರಾಗೆ ತೊಳೆದು ತಂದೀನಿ. ಮುಟ್ಟಿದ್ರೆ ಬರಲ್ಲ ಅಂತ ಡಾಕ್ಟ್ರು ಹೇಳಿದಾರೆ. ಆದ್ರೂ ನಿಮಗೆ ಬ್ಯಾಡ ಅನ್ಸಿದ್ರೆ ತಗಂಡು ಹೋಗ್ತೀನಿ."

ಸಾಬರು ಬ್ರಷ್ಷನ್ನು ಮೇಜಿನ ಮೇಲಿಟ್ಟರು. ಕೈಯನ್ನು ಲುಂಗಿಗೆ ಒರೆಸಿಕೊಂಡರು. ಅಂಗಡಿಯಲ್ಲಿದ್ದ ಇನ್ನೊಬ್ಬ ಗಿರಾಕಿ ತನ್ನ ಗಡಿಯಾರ ತೆಗೆದುಕೊಂಡು ಇಳಿದು ಹೋದ. ಉಚ್ಚಂಗಮ್ಮ ಬಟ್ಟೆ ಬಿಡಿಸಿ ಬ್ರಷ್ಷು ಸುತ್ತಿಕೊಳ್ಳಲು ಕೈ ಚಾಚಿದರು.

"ತಡೀಯವ್ವ" ಎಂದರು ಬುಡನ್‌ಸಾಬ್. "ತಲೆ ತಿರುಗೋದಲ್ಲ, ಹಿಂದೆ ಮುಂದೆ ಆಡೋದು. ಬಿಗಿ ಸಾಲ್ದಿದ್ರೆ ಹಾರಿ ಹೋಗ್ತದೆ. ಬಾಯಾಗೆ ಹಾರಿದ್ರೆ ಏನು ಗತಿ? ಕೂತ್ಕ, ನೋಡನ."

ಮಕ್ಕಳ ಬ್ರಷ್ಷಿನ ತಲೆ ಕತ್ತರಿಸಿ, ಕಾಸಿದ ಸೂಜಿಯಿಂದ ಅದರ ಕುತ್ತಿಗೆಗೆ ತೂತು ಕೊರೆದು, ಯಂತ್ರದ ಕಡ್ಡಿಗೆ ಕೂರಿಸಿದರು. ಗುಂಡಿ ಒತ್ತಿದಾಗ ಮೊದಲನೆಯದು ಹಾರಿ ರಸ್ತೆಗೆ ಬಿತ್ತು. ಎರಡನೆಯದು ಸೀಳಿತು. ಮೂರನೆಯದಕ್ಕೆ ತಾಮ್ರದ ತಂತಿ ಸುತ್ತಿ ಬಿಗಿದು, ತಂತಿಯ ತುದಿ ಚುಚ್ಚದಂತೆ ಮೇಲೆ ಅರಗು ಹಚ್ಚಿದರು. ಅದು ನಿಂತಿತು. ಮಧ್ಯಾಹ್ನವಿಡೀ ಅಂಗಡಿಯ ಮೆಟ್ಟಿಲ ಮೇಲೆ ಕುಳಿತಿದ್ದ ಉಚ್ಚಂಗಮ್ಮನಿಗೆ ತಂತಿ ಸುತ್ತುವುದನ್ನು ಕಲಿಸಿಯೂ ಕೊಟ್ಟರು. ಅದಷ್ಟೇ ಅಲ್ಲ, ಮುಂದಿನ ಸಲ ಹೋದಾಗ ಮಾಮೂಲಿ ಬ್ರಷ್ಷಿಗೆ ಸೈಕಲ್ ಟ್ಯೂಬು ಸುತ್ತಿ ದಪ್ಪ ಹಿಡಿ ಮಾಡುವುದನ್ನೂ ತೋರಿಸಿದರು. ಸ್ವಲ್ಪ ಬಾಗುವ ಬೆರಳಿದ್ದವರಿಗೆ ಅದೇ ಸಾಕಾಯಿತು.

ಮೊದಲ ಸಲ ಹೋಗಿ ಬಂದ ದಿನ ಸಂಜೆ ಬ್ರಷ್ಷನ್ನು ಧರ್ಮಪ್ಪನವರ ಮಂಚದ ಮೇಲಿಟ್ಟು ಉಚ್ಚಂಗಮ್ಮ ಹಿಂತಿರುಗಿದರು. ಮರುದಿನ ಬೆಳಿಗ್ಗೆ ಬೇಲಿಯ ಕಡೆಯಿಂದ ಗುಂಯ್ ಎಂಬ ಸದ್ದು ಕೇಳಿಸಿತು. ಸ್ಟೂಲಿನ ಬಳಿ ನಿಂತು ಕೇಳಿದರು. ಆ ಸದ್ದು ಕೇಳಲೆಂದೇ ಅಷ್ಟು ದೂರ ಹೋಗಿ ಬಂದಿದ್ದರು. ಅದು ಕೇಳಿದಾಗ ಮಾತ್ರ ಎದೆಯೊಳಗೆ ಏನೋ ಖಾಲಿಯಾಯಿತು.

"ಬೇಕಂತ್ಲೇ ಮಾಡಿದ್ದಲ್ವಾ?" ಎಂದರೆ, "ಹೂಂ, ಬೇಕಂತ್ಲೇ" ಎನ್ನುತ್ತಾರೆ. "ನನ್ನ ಮಾತಿಗೆ ಒಬ್ರು ಬೇಕು ಅಂತ ಅವ್ರ ಬಾಯಿ ಕಿತ್ಕಳಾಕೆ ಆಗ್ತೈತಾ?"

1986ರ ಕೊನೆಯಲ್ಲಿ ಕುಷ್ಠಕ್ಕೆಂದು ಆಗ ಬಂದಿದ್ದ ಹೊಸ ಮಾತ್ರೆಗಳನ್ನು ಧರ್ಮಪ್ಪ ನುಂಗಬೇಕಾದ ಅವಧಿ ಮುಗಿಯಿತು. ರೋಗ ಸಂಪೂರ್ಣ ವಾಸಿಯಾಗಿದೆ ಎಂದು ವೈದ್ಯರು ಹೇಳಿದರು. ಬಾಗಿದ ಬೆರಳು ಬಾಗಿದಂತೆಯೇ ಉಳಿದವು. ತಂಗಿಯ ಮನೆಯವರು ಕರೆದುಕೊಂಡು ಹೋಗಲು ಒಪ್ಪಿದರು. ಒಂದೇ ಷರತ್ತು: ಇಷ್ಟು ವರ್ಷ ಎಲ್ಲಿದ್ದರೆಂದು ಊರಲ್ಲಿ ಯಾರಿಗೂ ತಿಳಿಯಬಾರದು. ವಾಯು ಹಿಡಿದು ಕೈ ಸೊಟ್ಟಗಾಯಿತು, ದೂರದ ನೆಂಟರ ಮನೆಯಲ್ಲಿದ್ದರು ಎಂದು ಹೇಳುವುದು.

ಹೊರಡುವ ದಿನ ಧರ್ಮಪ್ಪ ಚೀಲ ಹಿಡಿದು ಜಗಲಿಗೆ ಬಂದರು. ಸ್ಟೂಲಿನ ಬಳಿ ನಿಂತರು, ಕೂರಲಿಲ್ಲ. "ಬರ್ತೀನ್ರಿ ಉಚ್ಚಂಗಮ್ಮ" ಎಂದರು.

"ಹೋಗಿ ಬರ್ರಿ. ನಿಮ್ಮ ಬ್ರಷ್ಷು, ಕಟ್ಟಿದ ತಲೆಗಳು ಚೀಲದಾಗೆ ಇಟ್ಟೀನಿ. ಸವೆದ್ರೆ ಬದಲಾಯಿಸ್ಕಳ್ರಿ."

"ಕಾಗದ ಬರ್ಸಿ ಹಾಕ್ತೀನಿ."

"ಬ್ಯಾಡ್ರಿ" ಎಂದರು ಉಚ್ಚಂಗಮ್ಮ. "ಕಾಗದದ ಮ್ಯಾಲೆ ಇಲ್ಲಿನ ವಿಳಾಸ ಇರ್ತೈತೆ. ಪೋಸ್ಟಿನೋರು ಓದ್ತಾರೆ."

ಧರ್ಮಪ್ಪ ಎರಡೂ ಕೈ ಜೋಡಿಸಿದರು. ಅವು ಪೂರ್ತಿ ಕೂಡುತ್ತಿರಲಿಲ್ಲ. ಬಸ್ಸಿನ ಸದ್ದಾಯಿತು, ಹೋದರು.

ಈಗ ಧಾಮದಲ್ಲಿ ಉಳಿದ ಮೂರರಲ್ಲಿ ಎರಡು ಸೆಲ್ಲಿನ ಬ್ರಷ್ಷುಗಳು ಕೆಲಸ ಮಾಡುತ್ತಿವೆ. ತಲೆಗಳನ್ನು ಉಚ್ಚಂಗಮ್ಮನೇ ಕಟ್ಟುತ್ತಾರೆ. ಹತ್ತಾರು ಮಂದಿ ಟ್ಯೂಬು ಸುತ್ತಿದ ಬ್ರಷ್ಷು ಹಿಡಿದು ತಾವೇ ಉಜ್ಜುತ್ತಾರೆ. ಅದೂ ಇದೂ ಎರಡೂ ಹಿಡಿಯಲಾಗದ ಎಂಟು ಮಂದಿ ಸ್ಟೂಲಿಗೆ ಬರುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ವಯಸ್ಸಾಗಿದೆ, ಮಾತು ಕಡಿಮೆ. ಕೆಲಸ ಮುಗಿದ ಮೇಲೆ ಉಚ್ಚಂಗಮ್ಮ ಜಗಲಿಯಂಚಿನಲ್ಲಿ ಒಬ್ಬರೇ ಕುಳಿತು ತಮ್ಮ ಹಲ್ಲುಜ್ಜಿಕೊಳ್ಳುತ್ತಾರೆ, ಎಲ್ಲರಿಗಿಂತ ಕೊನೆಗೆ. ಏನಾದರೂ ಬೇಕೇ ಎಂದು ಕೇಳಿದರೆ ತುಸು ಯೋಚಿಸಿ, ರಂಗಣ್ಣನವರಿಗೆ ಮೆತ್ತನೆಯ ಬ್ರಷ್ಷು ಸಿಕ್ಕರೆ ಕಳಿಸಿ ಎನ್ನುತ್ತಾರೆ. ತಮಗೆ ಏನೂ ಇಲ್ಲ.

ಆಮೇಲೆ ಬ್ರಷ್ಷು ತೊಳೆಯುತ್ತ, ಕೇಳದೆಯೇ, ಒಂದು ವಿಷಯ ಹೇಳುತ್ತಾರೆ. ಕಳೆದ ಬೇಸಿಗೆಯಲ್ಲಿ ಒಂದು ದಿನ ರಜೆ ಕೇಳಿ ಚನ್ನಗಿರಿಯ ಬಸ್ಸು ಹತ್ತಿದ್ದರು. ಕೆಲಸ ಏನೂ ಇರಲಿಲ್ಲ. ವಿಚಾರಿಸದೆ, ಯಾರ ಹೆಸರೂ ಹೇಳದೆ, ಪೇಟೆಯ ಬೀದಿಗಳಲ್ಲಿ ನಡೆದರು. ಒಂದು ಬಟ್ಟೆ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಯಂತ್ರ ತುಳಿಯುತ್ತ ಧರ್ಮಪ್ಪ ಕುಳಿತಿದ್ದರು. ಕತ್ತರಿಸಿ ಕೊಡುವವರು ಬೇರೆ ಯಾರೋ. ಇವರು ನೇರ ಹೊಲಿಗೆ ಮಾತ್ರ ಹಾಕುತ್ತಿದ್ದರು, ಮಡಚಿದ ಬೆರಳಿನ ಬೆನ್ನಿನಿಂದ ಬಟ್ಟೆಯನ್ನು ಮುಂದಕ್ಕೆ ತಳ್ಳುತ್ತ. ಸುತ್ತ ಮೂರು ನಾಲ್ಕು ಮಂದಿ ಗಿರಾಕಿಗಳು.

ಉಚ್ಚಂಗಮ್ಮ ಎದುರುಗಡೆಯ ಬೇವಿನ ಮರದ ಕೆಳಗೆ ನಿಂತರು. ರಸ್ತೆ ದಾಟಿದರೆ ಹತ್ತೇ ಹೆಜ್ಜೆ. ದಾಟಿದರೆ ಅವರು ಎದ್ದು ನಿಲ್ಲುತ್ತಾರೆ, ಯಾರು ಈಕೆ ಎಂದು ಸುತ್ತಲಿನವರು ಕೇಳುತ್ತಾರೆ. ನ್ಯಾಮತಿ ಕಡೆಯವರು ಒಬ್ಬರಿದ್ದರೂ ಸಾಕು, ಗುರುತು ಹಿಡಿಯುತ್ತಾರೆ.

"ದಾಟ್ಲಿಲ್ಲ ಕಣ್ರೀ. ಅವ್ರು ನನ್ನ ನೋಡ್ಲೂ ಇಲ್ಲ" ಎನ್ನುತ್ತಾರೆ. "ಯಾರೋ ಏನೋ ತಮಾಷೆ ಮಾಡಿದ್ರು. ಧರ್ಮಪ್ಪಾರು ತಲೆ ಎತ್ತಿ ನಕ್ರು. ಕೈ ಅಡ್ಡ ತರ್ಲಿಲ್ಲ. ಬಾಯಿ ತುಂಬ ನಕ್ರು, ಹಲ್ಲೆಲ್ಲಾ ಕಾಣೋ ಹಂಗೆ. ಮುಂದಿನ ಬಸ್ಸಿಗೆ ನಾನು ವಾಪಸ್ ಬಂದೆ."